ಬೇ ಏರಿಯಾದಲ್ಲಿ ಮನೆ ಕೊಳ್ಳುವವರಿಗೆ: ಆಫರ್ ಹಾಕುವ ಮುಂಚಿನ ಕೆಲಸ

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಫ್ರೀಮಾಂಟ್, ಸನ್ನಿವೇಲ್, ಕ್ಯುಪರ್ಟಿನೊ ಕಡೆ ಜಾಹೀರಾತಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಜನ ಮುಗಿಬೀಳಲಿ ಅಂತಲೇ ಎಷ್ಟೋ ಮನೆಗಳಿಗೆ ಬೆಲೆ ಇಳಿಸಿ ಹಾಕಿರುತ್ತಾರೆ. ಕಳೆದ ಮೂರು ತಿಂಗಳಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಅಷ್ಟೇ ಚದರಡಿಯ ಮನೆಗಳು ಎಷ್ಟಕ್ಕೆ ಹೋದವು ಎಂಬುದೇ ಸರಿಯಾದ ಅಳತೆ.

ಮೊದಲು ದುಡ್ಡಿನ ಕಾಗದಪತ್ರ. ಸಾಲ ಕೊಡುವವರು ಸಾಮಾನ್ಯವಾಗಿ ಎರಡು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ನಡುವೆ ದೊಡ್ಡ ಮೊತ್ತ ಜಮೆಯಾಗಿದ್ದರೆ ಮೂಲ ತೋರಿಸಬೇಕು. ಊರಿನಿಂದ ಅಪ್ಪ-ಅಮ್ಮ ಕಳಿಸಿದ್ದಾದರೆ, ವಾಪಸ್ ಕೊಡಬೇಕಿಲ್ಲ ಎಂದು ಅವರೇ ಸಹಿ ಹಾಕಿದ ಗಿಫ್ಟ್ ಲೆಟರ್ ಬೇಕು. ಭಾರತದಿಂದ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಇಲ್ಲಿ ನಿಮಗೆ ಬಂದ ಗಿಫ್ಟ್ ವರ್ಷಕ್ಕೆ 1,00,000 ಡಾಲರ್ ದಾಟಿದರೆ, ತೆರಿಗೆ ಇಲ್ಲದಿದ್ದರೂ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಫಾರ್ಮ್ 3520 ತುಂಬಲೇಬೇಕು. ಮರೆತರೆ ದಂಡ ಜೋರು. ಎಚ್-1ಬಿ ಕೆಲಸದ ವೀಸಾದವರಿಗೆ 2025ರ ಮೇ 25ರಿಂದ ಎಫ್‌ಎಚ್‌ಎ (ಸರ್ಕಾರ ವಿಮೆ ಕೊಡುವ) ಸಾಲ ಇಲ್ಲ, ಕನ್ವೆನ್ಷನಲ್ (ಸರ್ಕಾರದ ವಿಮೆ ಇಲ್ಲದ ಮಾಮೂಲಿ) ಸಾಲ ಸಿಗುತ್ತದೆ. ಕಂಪನಿ ಕೊಡುವುದಾಗಿ ಹೇಳಿ ಇನ್ನೂ ಕೈಗೆ ಬಾರದ (ವೆಸ್ಟ್ ಆಗದ) ಷೇರು, ಅಂದರೆ ಆರ್‌ಎಸ್‌ಯು ಎಷ್ಟೇ ಇದ್ದರೂ ಡೌನ್‌ಪೇಮೆಂಟಿಗೆ ಬಾರದು.

2024ರ ಆಗಸ್ಟ್‌ನಿಂದ ಮನೆ ತೋರಿಸುವ ಮುಂಚೆಯೇ ಏಜೆಂಟರು ನಿಮ್ಮಿಂದ ಒಪ್ಪಂದಕ್ಕೆ ಸಹಿ ಪಡೆಯುತ್ತಾರೆ. ಕಮಿಷನ್ ಎಷ್ಟು, ಮಾರುವವರು ಕೊಡದಿದ್ದರೆ ಅದು ನಿಮ್ಮ ತಲೆಗೆ ಬರುತ್ತದೆಯೇ ಎಂಬೆರಡು ಸಾಲು ಓದದೆ ಸಹಿ ಹಾಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇದರ ಅವಧಿ ಮೂರು ತಿಂಗಳು ಮೀರುವಂತಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಕಂಟಿಂಜೆನ್ಸಿಯಲ್ಲಿ. ತಪಾಸಣೆ, ಅಪ್ರೇಸಲ್ (ಸಾಲ ಕೊಡುವವರು ಮಾಡಿಸುವ ಮನೆ ಬೆಲೆಯ ಅಂದಾಜು), ಸಾಲ ಇವುಗಳಲ್ಲಿ ಯಾವುದು ಕೈಕೊಟ್ಟರೂ ಡಿಪಾಸಿಟ್ ವಾಪಸ್ ಪಡೆದು ಹಿಂದೆ ಸರಿಯುವ ಹಕ್ಕು ಇದು. ಮಾಮೂಲಿ ಒಪ್ಪಂದದಲ್ಲಿ 17 ದಿನ ಇರುತ್ತದೆ. ಇಲ್ಲಿನ ಪೈಪೋಟಿಯಲ್ಲಿ ಇದನ್ನೇ ಬಿಟ್ಟುಕೊಟ್ಟು ಆಫರ್ ಹಾಕುವವರು ಬಹಳ. ಬಿಟ್ಟ ಮೇಲೆ ಮನಸ್ಸು ಬದಲಾದರೆ ಬೆಲೆಯ ಶೇ. 3ರವರೆಗೆ ಡಿಪಾಸಿಟ್ ಹೋಗಬಹುದು. 16 ಲಕ್ಷ ಡಾಲರ್‌ಗೆ ಒಪ್ಪಿದ ಮನೆ ಅಪ್ರೇಸಲ್‌ನಲ್ಲಿ 15.2 ಲಕ್ಷಕ್ಕೆ ನಿಂತಿತು ಅಂದುಕೊಳ್ಳಿ. ಶೇ. 80 ಸಾಲ ಈಗ ಸಿಗುವುದು 15.2ರ ಮೇಲೆ. 12.8 ಲಕ್ಷದ ಬದಲು 12.16 ಲಕ್ಷ. ಕಮ್ಮಿ ಬಿದ್ದ 64,000 ಡಾಲರ್ ಕೈಯಿಂದಲೇ ಹೋಗಬೇಕು. ಅಷ್ಟು ಇಲ್ಲದವರು ಅಪ್ರೇಸಲ್ ಕಂಟಿಂಜೆನ್ಸಿಯನ್ನು ಬಿಡಲೇಬಾರದು.

ತಪಾಸಣೆಯದನ್ನು ಬಿಡುವುದಾದರೆ ಡಿಸ್‌ಕ್ಲೋಷರ್ ಪ್ಯಾಕೆಟ್ (ಮಾರುವವರು ಕೊಡುವ, ಮನೆಯ ಸ್ಥಿತಿಯ ಬಗೆಗಿನ ಕಾಗದಪತ್ರ) ಪೂರ್ತಿ ಓದಿದ ಮೇಲೆ ಬಿಡಿ. ಗೆದ್ದಲಿನ ವರದಿಯಲ್ಲಿ ಸೆಕ್ಷನ್ 1 ಅಂದರೆ ಈಗಾಗಲೇ ತಿಂದಿರುವ, ಕೊಳೆತಿರುವ ಮರ. ಸೆಕ್ಷನ್ 2 ಅಂದರೆ ಮುಂದೆ ಹಾಗಾಗಬಹುದಾದ ಜಾಗ, ಉದಾಹರಣೆಗೆ ಸೋರುವ ಶವರ್ ಮೂಲೆ ಅಥವಾ ಗೋಡೆಗೆ ತಾಗಿದ ಮಣ್ಣು. ಮೊದಲನೆಯದರ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ. ಐವತ್ತು-ಅರವತ್ತರ ದಶಕದ ಮನೆಗಳಲ್ಲಿ ಚರಂಡಿ ಪೈಪು ಹಳೆ ಮಣ್ಣಿನದಾಗಿರಬಹುದು, ಸಂದುಗಳಲ್ಲಿ ಮರದ ಬೇರು ನುಗ್ಗಿರುತ್ತದೆ. ಕ್ಯಾಮೆರಾ ಇಳಿಸಿದ ವಿಡಿಯೊ ಕೇಳಿ. ಹೇವರ್ಡ್ ಫಾಲ್ಟ್ ಎಂಬ ಭೂಕಂಪದ ಬಿರುಕು ಫ್ರೀಮಾಂಟ್ ಊರೊಳಗೇ ಹಾದುಹೋಗಿದೆ, ಮನೆ ಆ ವಲಯದಲ್ಲಿದೆಯೇ ಎಂಬುದು ನ್ಯಾಚುರಲ್ ಹಜಾರ್ಡ್ ವರದಿಯಲ್ಲಿ ಇರುತ್ತದೆ. ಮಾಮೂಲಿ ಮನೆ ವಿಮೆ ಭೂಕಂಪಕ್ಕೆ ಅನ್ವಯಿಸುವುದಿಲ್ಲ, ಅದನ್ನು ಬೇರೆಯಾಗಿ ಕೊಳ್ಳಬೇಕು.

ಎಸ್ಕ್ರೋಗೆ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರು) ಹಣ ಕಳಿಸುವ ದಿನ, ಖಾತೆ ಸಂಖ್ಯೆ ಬದಲಾಗಿದೆ ಎಂಬ ಈಮೇಲ್ ಬಂದರೆ ಅದು ಮೋಸ ಎಂದೇ ಎಣಿಸಿ, ಮೊದಲೇ ಬರೆದಿಟ್ಟುಕೊಂಡ ನಂಬರಿಗೆ ಫೋನ್ ಮಾಡಿ.

ಜಾಹೀರಾತಿನಲ್ಲಿ ಕಾಣುವ ತೆರಿಗೆ ಹಳೆ ಮಾಲೀಕರದು. 1978ರ ಪ್ರೊಪೊಸಿಷನ್ 13ರ ಪ್ರಕಾರ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವುದಿಲ್ಲ, ಆದರೆ ಮನೆ ಕೈಬದಲಾದರೆ ಹೊಸ ಬೆಲೆಯ ಮೇಲೆ ಲೆಕ್ಕ: ಮೂಲ ಶೇ. 1, ಜೊತೆಗೆ ಸ್ಥಳೀಯ ಬಾಂಡುಗಳು, ಹೊಸ ಬಡಾವಣೆಯಾದರೆ ಮೆಲ್ಲೊ-ರೂಸ್ ಎಂಬ ವಿಶೇಷ ತೆರಿಗೆ ಕೂಡ. ಕೆಲ ತಿಂಗಳಾದ ಮೇಲೆ ಬರುವ, ಹಳೆ-ಹೊಸ ಮೌಲ್ಯದ ವ್ಯತ್ಯಾಸದ ಸಪ್ಲಿಮೆಂಟಲ್ ಬಿಲ್ಲನ್ನು ಸಾಮಾನ್ಯವಾಗಿ ಸಾಲದ ಕಂಪನಿ ಕಟ್ಟುವುದಿಲ್ಲ, ನೀವೇ ಕಟ್ಟಬೇಕು. ಮಾಮೂಲಿ ಕಂತುಗಳ ಕೊನೆಯ ದಿನ ಡಿಸೆಂಬರ್ 10 ಮತ್ತು ಏಪ್ರಿಲ್ 10, ತಪ್ಪಿದರೆ ಶೇ. 10 ದಂಡ.

ಮಾರುವಾಗ: ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಸ್ವಂತ ಮನೆಯಾಗಿ ವಾಸವಿದ್ದರೆ ಒಬ್ಬರಿಗೆ 2,50,000, ಜಂಟಿ ರಿಟರ್ನ್ ಹಾಕುವ ದಂಪತಿಗೆ 5,00,000 ಡಾಲರ್ ಲಾಭಕ್ಕೆ ಫೆಡರಲ್ ತೆರಿಗೆ ಇಲ್ಲ. ಭಾರತಕ್ಕೆ ವಾಪಸಾಗಿ ನಾನ್‌ರೆಸಿಡೆಂಟ್ ಆದ ಮೇಲೆ ಮಾರಿದರೆ ಸಾಮಾನ್ಯವಾಗಿ ಪೂರ್ತಿ ಮಾರಾಟ ಬೆಲೆಯ ಶೇ. 15ನ್ನು ಫರ್ಪ್ಟಾ (ವಿದೇಶಿಯರು ಆಸ್ತಿ ಮಾರಿದಾಗ ಮುಂಚೆಯೇ ಹಿಡಿಯುವ ತೆರಿಗೆ) ಎಂದು ಹಿಡಿದಿಡುತ್ತಾರೆ, ಲಾಭದ ಮೇಲಲ್ಲ. ಹೆಚ್ಚಾಗಿ ಹಿಡಿದದ್ದು ರಿಟರ್ನ್ ಹಾಕಿದ ಮೇಲೆ ಬರುತ್ತದೆ. ಕಡಿಮೆ ಹಿಡಿಯಿರಿ ಎಂದು ಕೋರುವ ಫಾರ್ಮ್ 8288-ಬಿ ಕ್ಲೋಸಿಂಗ್ (ಮನೆ ಹಸ್ತಾಂತರದ) ದಿನದೊಳಗೆ ಐಆರ್‌ಎಸ್‌ಗೆ ಹೋಗಿರಬೇಕು.