ಉದ್ದ ಭಾಗಾಕಾರ ಬೇಡ, ಅಂಕಿ ನೋಡಿದರೆ ಸಾಕು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಮನೆಯ ಜಗಲಿಯಲ್ಲಿ ಮಹಿಳಾ ಸಂಘದ ಲೆಕ್ಕ ನಡೆಯುತ್ತಿತ್ತು. ವರ್ಷದ ಬಡ್ಡಿ ಹಣ 47,385 ರೂಪಾಯಿ. ಸದಸ್ಯರು ಒಂಬತ್ತು ಜನ. ‘ಸಮ ಹಂಚಿದರೆ ಚಿಲ್ಲರೆ ಉಳಿಯುತ್ತಾ ಅಕ್ಕಾ?’ ಎಂದು ಒಬ್ಬರು ಕೇಳಿ, ಬ್ಯಾಗಿನಲ್ಲಿ ಮೊಬೈಲ್ ಹುಡುಕತೊಡಗಿದರು. ಮೊಬೈಲ್ ಕೈಗೆ ಸಿಗುವ ಮೊದಲೇ ದೊಡ್ಡಮ್ಮ ಹೇಳಿಬಿಟ್ಟರು: ‘ಏನೂ ಉಳಿಯಲ್ಲ ಕಣೇ, ಸರಿಯಾಗಿ ಹೋಗುತ್ತೆ.’ ಹೋಯಿತು ಕೂಡ. ತಲಾ 5,265 ರೂಪಾಯಿ.

‘ಅಷ್ಟು ಬೇಗ ಹೇಗೆ ಗೊತ್ತಾಯ್ತು ದೊಡ್ಡಮ್ಮ?’ ಅಂದೆ.

‘4, 7, 3, 8, 5 ಕೂಡಿಸಿದೆ. 27 ಬಂತು. ಒಂಬತ್ತರ ಮಗ್ಗಿಯಲ್ಲಿ 27 ಇದೆಯಲ್ಲ? ಅಪ್ಪಯ್ಯ ಹೇಳಿಕೊಟ್ಟಿದ್ದು.’

ಅವರ ಅಪ್ಪಯ್ಯ, ಅಂದರೆ ನಮ್ಮ ಅಜ್ಜ, ಸಾಗರದಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ನಿಯಮವನ್ನು ಶಾಲೆಯಲ್ಲಿ ನಾನೂ ಓದಿದ್ದೆ, ‘ಭಾಜ್ಯತೆಯ ನಿಯಮಗಳು’ ಎಂಬ ಹೆಸರಿನಲ್ಲಿ. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿದ್ದೆ. ಮರೆತದ್ದಕ್ಕೆ ಕಾರಣ ಇಷ್ಟೇ: ನಿಯಮ ಗೊತ್ತಿತ್ತು, ಅದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಲಿಲ್ಲ. ಈ ಎಲ್ಲ ನಿಯಮಗಳ ಹಿಂದೆ ಇರುವ ಉಪಾಯ ಒಂದೇ. ದೊಡ್ಡ ಸಂಖ್ಯೆಯಲ್ಲಿ ಖಂಡಿತ ಭಾಗವಾಗುವ ಪಾಲನ್ನು ಎತ್ತಿ ಪಕ್ಕಕ್ಕಿಡಿ. ಉಳಿದ ಚಿಕ್ಕ ಪಾಲನ್ನು ಮಾತ್ರ ನೋಡಿ. ಇಷ್ಟು ಹಿಡಿದುಕೊಂಡರೆ ಯಾವ ನಿಯಮ ಮರೆತರೂ ಕೂತಲ್ಲೇ ಮತ್ತೆ ಕಂಡುಕೊಳ್ಳಬಹುದು.

ಕೊನೆಯ ಅಂಕಿಗಳನ್ನು ನೋಡುವ ಗುಂಪು

ಮೊದಲು ಸುಲಭದ್ದನ್ನು ಮುಗಿಸೋಣ. ಹತ್ತು, 2ರಿಂದಲೂ 5ರಿಂದಲೂ ಭಾಗವಾಗುತ್ತದೆ. ಹಾಗಾಗಿ ಬಿಡಿ ಸ್ಥಾನ ಬಿಟ್ಟು ಉಳಿದದ್ದೆಲ್ಲ ಪಕ್ಕಕ್ಕೆ. ಕೊನೆಯ ಅಂಕಿ 0, 2, 4, 6, 8 ಆಗಿದ್ದರೆ ಸಂಖ್ಯೆ 2ರಿಂದ ಭಾಗವಾಗುತ್ತದೆ. 0 ಅಥವಾ 5 ಆಗಿದ್ದರೆ 5ರಿಂದ.

ಹತ್ತು 4ರಿಂದ ಭಾಗವಾಗುವುದಿಲ್ಲ, ಆದರೆ ನೂರು ಆಗುತ್ತದೆ. ಆದ್ದರಿಂದ 4ಕ್ಕೆ ಕೊನೆಯ ಎರಡು ಅಂಕಿ ನೋಡಬೇಕು. 73,516ರಲ್ಲಿ 16 ನೋಡಿದರೆ ಮುಗಿಯಿತು. ಸಾವಿರ ಎಂದರೆ 8 ಸಲ 125. ಹಾಗಾಗಿ 8ಕ್ಕೆ ಕೊನೆಯ ಮೂರು ಅಂಕಿ. 53,416 ಇದ್ದರೆ 416 ಮಾತ್ರ ತೆಗೆದುಕೊಂಡು ಮೂರು ಸಲ ಅರ್ಧ ಮಾಡಿ: 208, 104, 52. ನಡುವೆ ಎಲ್ಲೂ ಅರೆ ಬರಲಿಲ್ಲ, ಹಾಗಾದರೆ 8ರಿಂದ ಭಾಗವಾಗುತ್ತದೆ.

4ರ ನಿಯಮ ನಮ್ಮ ಕ್ಯಾಲೆಂಡರಿನಲ್ಲೇ ಇದೆ. 2028 ಅಧಿಕ ವರ್ಷವೇ? 28 ನೋಡಿ, ಹೌದು. ಆದರೆ ನೂರರಿಂದ ಭಾಗವಾಗುವ ಇಸವಿಯಾದರೆ ಅದು 400ರಿಂದಲೂ ಭಾಗವಾಗಬೇಕು. ಅದಕ್ಕೇ 1900ರ ಫೆಬ್ರವರಿಗೆ 28 ದಿನ, 2000ದ ಫೆಬ್ರವರಿಗೆ 29.

9ರ ಗುಟ್ಟು ನೋಟಿನ ಕಟ್ಟಿನಲ್ಲಿದೆ

ಈಗ ದೊಡ್ಡಮ್ಮನ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಸುಮ್ನೆ ಕೂಡಿಸಿದರೆ ಭಾಗಾಕಾರದ ಉತ್ತರ ಹೇಗೆ ಸಿಗುತ್ತದೆ? ನೋಟು ಹಂಚಿ ನೋಡೋಣ.

ಹತ್ತರ ಒಂದು ನೋಟು ಇದೆ. ಒಂಬತ್ತು ಜನಕ್ಕೆ ತಲಾ ಒಂದು ರೂಪಾಯಿ ಕೊಟ್ಟರೆ ಒಂದು ರೂಪಾಯಿ ಉಳಿಯುತ್ತದೆ. ನೂರರ ನೋಟು ಇದೆ. ತಲಾ 11 ಕೊಟ್ಟರೆ 99 ಖರ್ಚು, ಉಳಿದದ್ದು ಮತ್ತೆ ಒಂದೇ ರೂಪಾಯಿ. ಹತ್ತರ ನೋಟಿನ ಒಂದು ಕಟ್ಟು, ಅಂದರೆ ಸಾವಿರ ರೂಪಾಯಿ. ತಲಾ 111 ಕೊಟ್ಟರೆ 999 ಹೋಯಿತು, ಉಳಿದದ್ದು ಒಂದು. ನೂರರ ಕಟ್ಟು ಒಡೆದು ಹತ್ತು ಸಾವಿರ ಹಂಚಿದರೂ ಅಷ್ಟೇ. ಎಷ್ಟೇ ದೊಡ್ಡ ಕಟ್ಟಾಗಲಿ, ಒಂಬತ್ತು ಜನಕ್ಕೆ ಹಂಚಿದ ಮೇಲೆ ಒಂದು ರೂಪಾಯಿ ಉಳಿಯುತ್ತದೆ.

47,385ರಲ್ಲಿ ಹತ್ತು ಸಾವಿರದ ಕಟ್ಟು 4. ಅವುಗಳಿಂದ ಉಳಿಯುವುದು 4 ರೂಪಾಯಿ. ಸಾವಿರದ ಕಟ್ಟು 7, ಉಳಿಯುವುದು 7. ನೂರರ ನೋಟಿನಿಂದ 3, ಹತ್ತರ ನೋಟಿನಿಂದ 8, ಮತ್ತೆ ಬಿಡಿ ನಾಣ್ಯ 5. ಹಂಚದೆ ಉಳಿದ ರಾಶಿ ಒಟ್ಟು 27. ಅದನ್ನು ಒಂಬತ್ತು ಜನಕ್ಕೆ ತಲಾ ಮೂರು ಕೊಟ್ಟರೆ ಕೈ ಖಾಲಿ. ನಾವು ಕೂಡಿಸುವ ಅಂಕಿಗಳು ಈ ಉಳಿಕೆಯ ರೂಪಾಯಿಗಳೇ.

ಇದರಿಂದ ಇನ್ನೊಂದು ಲಾಭ ಇದೆ. ಶಾಲೆಯಲ್ಲಿ ಇದನ್ನು ಯಾರೂ ನಮಗೆ ಒತ್ತಿ ಹೇಳಲಿಲ್ಲ. ಭಾಗವಾಗದಿದ್ದರೆ ಎಷ್ಟು ಉಳಿಯುತ್ತದೆ ಎನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಸಂಘದ ಹಣ 47,388 ಆಗಿದ್ದರೆ ಅಂಕಿಗಳ ಮೊತ್ತ 30. ಮತ್ತೆ ಕೂಡಿಸಿ, 3 ಮತ್ತು 0 ಸೇರಿ 3. ಹಂಚಿದ ಮೇಲೆ ಮೂರು ರೂಪಾಯಿ ಉಳಿಯುತ್ತದೆ.

9 ಸ್ವತಃ 3ರಿಂದ ಭಾಗವಾಗುವುದರಿಂದ 3ಕ್ಕೂ ಇದೇ ನಿಯಮ. ಮೊತ್ತ 3ರ ಮಗ್ಗಿಯಲ್ಲಿದ್ದರೆ ಸಾಕು.

ಒಂದು ಎಚ್ಚರಿಕೆ. ಕೂಡಿಸುವ ಉಪಾಯ ಸುಲಭವೆಂದು ಮಕ್ಕಳು ಅದನ್ನು 7ಕ್ಕೂ 4ಕ್ಕೂ ಬಳಸಿಬಿಡುತ್ತಾರೆ. 16ರ ಅಂಕಿ ಕೂಡಿಸಿದರೆ 7 ಬರುತ್ತದೆ, ಆದರೆ 16 ಏಳರ ಮಗ್ಗಿಯಲ್ಲಿ ಇಲ್ಲ. ಮಗು ಹೀಗೆ ಮಾಡಿದರೆ ಬೈಯಬೇಡಿ. ಹತ್ತು ರೂಪಾಯಿಯನ್ನು ಏಳು ಜನಕ್ಕೆ ಹಂಚಲು ಹೇಳಿ. ಮೂರು ಉಳಿಯುತ್ತದೆ, ಒಂದಲ್ಲ. ತಪ್ಪು ಎಲ್ಲಿದೆ ಅಂತ ಅದಕ್ಕೇ ಕಾಣುತ್ತದೆ.

ಜೋಡಿ ನಿಯಮಗಳು

2ರಿಂದಲೂ 3ರಿಂದಲೂ ಭಾಗವಾದರೆ 6ರಿಂದ ಭಾಗವಾಗುತ್ತದೆ. 3 ಮತ್ತು 4 ಸೇರಿದರೆ 12. 2 ಮತ್ತು 9 ಸೇರಿದರೆ 18. 8 ಮತ್ತು 9 ಸೇರಿದರೆ 72. ಆದರೆ ಜೋಡಿ ಆರಿಸುವಾಗ ಇಬ್ಬರಿಗೂ 1 ಬಿಟ್ಟು ಬೇರೆ ಸಾಮಾನ್ಯವಾದ ಅಪವರ್ತನ ಇರಬಾರದು. 12ಕ್ಕೆ 2 ಮತ್ತು 6 ಸಾಲದು. 18 ಎರಡರಿಂದಲೂ ಆರರಿಂದಲೂ ಭಾಗವಾಗುತ್ತದೆ, ಹನ್ನೆರಡರಿಂದ ಆಗುವುದಿಲ್ಲ, ಅಲ್ವಾ?

11: ಒಂದು ಜಾಸ್ತಿ, ಒಂದು ಕಮ್ಮಿ

ಮತ್ತೆ ನೋಟು ಹಂಚೋಣ, ಈ ಸಲ ಹನ್ನೊಂದು ಜನಕ್ಕೆ. ಹತ್ತರ ನೋಟಿನಲ್ಲಿ ತಲಾ ಒಂದು ಕೊಡಲು ಹೋದರೆ ಒಂದು ರೂಪಾಯಿ ಕಮ್ಮಿ ಬೀಳುತ್ತದೆ. ನೂರರಲ್ಲಿ ತಲಾ 9 ಕೊಟ್ಟರೆ 99, ಒಂದು ರೂಪಾಯಿ ಜಾಸ್ತಿ. ಸಾವಿರದಲ್ಲಿ ತಲಾ 91 ಕೊಡಲು 1,001 ಬೇಕು, ಮತ್ತೆ ಒಂದು ಕಮ್ಮಿ. ಹೀಗೆ ಜಾಸ್ತಿ, ಕಮ್ಮಿ, ಜಾಸ್ತಿ, ಕಮ್ಮಿ ಎಂದು ಸಾಗುತ್ತದೆ. ಆದ್ದರಿಂದ ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿಸಿ. ನಡುವೆ ಬಿಟ್ಟವನ್ನು ಬೇರೆ ಕೂಡಿಸಿ. ಎರಡರ ವ್ಯತ್ಯಾಸ 0 ಅಥವಾ 11ರ ಮಗ್ಗಿಯಲ್ಲಿದ್ದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ.

91,828 ತೆಗೆದುಕೊಳ್ಳಿ. 8, 8, 9 ಸೇರಿ 25. ಬಿಟ್ಟದ್ದು 2 ಮತ್ತು 1, ಸೇರಿ 3. ವ್ಯತ್ಯಾಸ 22. ಭಾಗವಾಗುತ್ತದೆ, ಉತ್ತರ 8,348. ವ್ಯತ್ಯಾಸ ಸೊನ್ನೆಯೇ ಬರಬೇಕು ಎಂದುಕೊಂಡು ಇಲ್ಲಿ ಎಷ್ಟೋ ಜನ ಅಂಕ ಕಳೆದುಕೊಳ್ಳುತ್ತಾರೆ. ಇನ್ನೊಂದು ಚಂದದ ಸಂಗತಿ: ಹಿಂದಿನಿಂದ ಓದಿದರೂ ಒಂದೇ ಆಗಿರುವ ನಾಲ್ಕಂಕಿಯ ಸಂಖ್ಯೆ, ಉದಾಹರಣೆಗೆ 4,774, ಯಾವಾಗಲೂ 11ರಿಂದ ಭಾಗವಾಗುತ್ತದೆ. ಎರಡೂ ಗುಂಪಿನಲ್ಲಿ ಅವೇ ಅಂಕಿಗಳು ಇರುತ್ತವಲ್ಲ.

7ಕ್ಕೂ ದಾರಿ ಇದೆ

ಕೊನೆಯ ಅಂಕಿಯನ್ನು ಎರಡರಷ್ಟು ಮಾಡಿ, ಉಳಿದ ಸಂಖ್ಯೆಯಿಂದ ಕಳೆಯಿರಿ. ಬಂದದ್ದು 7ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಆಗುತ್ತದೆ. ರಾಮಾನುಜನ್ ಹೆಸರಿನ ಜೊತೆ ಸೇರಿಹೋಗಿರುವ 1729ನ್ನೇ ನೋಡೋಣ. ಕೊನೆಯ 9ರ ಎರಡರಷ್ಟು 18. 172ರಿಂದ ಕಳೆದರೆ 154. ಇನ್ನೂ ದೊಡ್ಡದೆನಿಸಿದರೆ ಮತ್ತೊಂದು ಸಲ: 15ರಿಂದ 8 ಕಳೆದರೆ 7. ಭಾಗವಾಗುತ್ತದೆ.

ಇದು ಮೊದಲ ನೋಟಕ್ಕೆ ಮಾಟದ ಹಾಗೆ ಕಾಣುತ್ತದೆ, ಆದರೆ ಇಲ್ಲೂ ಅದೇ ಪಕ್ಕಕ್ಕಿಡುವ ಕೆಲಸ. 21 ಏಳರ ಮಗ್ಗಿಯಲ್ಲಿದೆ. 1729ರಿಂದ ಒಂಬತ್ತು ಸಲ 21, ಅಂದರೆ 189 ತೆಗೆದರೆ 1,540 ಉಳಿಯುತ್ತದೆ. ಕೊನೆಗೆ ಸೊನ್ನೆ ಬಂತು. ಸೊನ್ನೆ ಬಿಟ್ಟರೆ 154. ಹತ್ತಕ್ಕೂ ಏಳಕ್ಕೂ ಸಂಬಂಧವಿಲ್ಲದ್ದರಿಂದ ಸೊನ್ನೆ ಬಿಟ್ಟರೆ ಏನೂ ಕೆಡುವುದಿಲ್ಲ. ನಿಜ ಹೇಳಬೇಕೆಂದರೆ ನಾಲ್ಕು ಅಂಕಿವರೆಗೆ ನೇರವಾಗಿ 7ರಿಂದ ಭಾಗಿಸುವುದಕ್ಕೂ ಇದಕ್ಕೂ ಸಮಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೂ ಇದನ್ನು ಕಲಿಯಿರಿ, ಯಾಕೆಂದರೆ ಇದೇ ಜಾಡಿನಲ್ಲಿ 13, 17, 19ಕ್ಕೂ ನಿಮ್ಮದೇ ನಿಯಮ ಮಾಡಿಕೊಳ್ಳಬಹುದು.

ಮಕ್ಕಳಿಗೆ ತೋರಿಸಲು ಒಂದು ಆಟ: ಮೂರು ಅಂಕಿಯ ಸಂಖ್ಯೆಯನ್ನು ಎರಡು ಸಲ ಪಕ್ಕಪಕ್ಕ ಬರೆಯಲು ಹೇಳಿ. 583 ಆದರೆ 5,83,583. ಇದು 7, 11, 13 ಮೂರರಿಂದಲೂ ಭಾಗವಾಗುತ್ತದೆ. ಯಾವ ಸಂಖ್ಯೆ ಬರೆದರೂ ಆಗುತ್ತದೆ. ಎರಡು ಸಲ ಬರೆಯುವುದೆಂದರೆ 1,001ರಿಂದ ಗುಣಿಸಿದ ಹಾಗೆ, ಮತ್ತು 1,001 ಎಂದರೆ 7, 11, 13ರ ಗುಣಲಬ್ಧ.

ಗುಣಾಕಾರ ಸರಿಯೇ ಎಂದು ನೋಡುವುದು

347 ಸಲ 28 ಎಂದರೆ 9,716. ಸರಿ ಇದೆಯೇ? ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿಸಿ. 347ರಿಂದ 14, ಅದರಿಂದ 5. 28ರಿಂದ 10, ಅದರಿಂದ 1. 5 ಸಲ 1 ಎಂದರೆ 5. ಉತ್ತರ 9,716ರ ಮೊತ್ತ 23, ಅದರಿಂದಲೂ 5. ಹೊಂದಿತು.

ಹೊಂದದಿದ್ದರೆ ಲೆಕ್ಕ ಖಂಡಿತ ತಪ್ಪು. ಆದರೆ ಹೊಂದಿದ ಮಾತ್ರಕ್ಕೆ ಸರಿ ಎನ್ನುವ ಹಾಗಿಲ್ಲ. ಕೈತಪ್ಪಿ 9,761 ಎಂದು ಬರೆದಿದ್ದರೂ ಮೊತ್ತ 23ವೇ. ಅಂಕಿ ಯಾವ ಜಾಗದಲ್ಲಿದೆ ಎನ್ನುವುದು 9ಕ್ಕೆ ಕಾಣುವುದೇ ಇಲ್ಲ. ಪ್ರತಿ ನೋಟೂ ಅದಕ್ಕೆ ಒಂದೇ ರೂಪಾಯಿ ಉಳಿಸುತ್ತದಲ್ಲ! 11ಕ್ಕೆ ಜಾಗ ಕಾಣುತ್ತದೆ. 11ರ ಲೆಕ್ಕದಲ್ಲಿ 347ಕ್ಕೆ 10ರಿಂದ 4 ಕಳೆದರೆ 6, 28ಕ್ಕೆ 8ರಿಂದ 2 ಕಳೆದರೆ ಅಲ್ಲೂ 6. ಗುಣಿಸಿದರೆ 36, ಅದಕ್ಕೆ 6ರಿಂದ 3 ಕಳೆದರೆ 3. 9,716ಕ್ಕೆ 13ರಿಂದ 10 ಕಳೆದರೆ 3, ಸರಿ. 9,761ಕ್ಕೆ 8ರಿಂದ 15 ಕಳೆಯಬೇಕು, 7 ಕಮ್ಮಿ ಬೀಳುತ್ತದೆ, 11 ಸೇರಿಸಿಕೊಂಡರೆ 4. ತಪ್ಪು ಸಿಕ್ಕಿಬಿತ್ತು.

ಹಳೆಯ ಪುಸ್ತಕಗಳ ಹಿಂಬದಿಯಲ್ಲಿರುವ ಹತ್ತಂಕಿಯ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಸಂಖ್ಯೆಯೂ ಹನ್ನೊಂದನ್ನೇ ನಂಬಿತ್ತು. ಅಂಕಿಗಳನ್ನು ಕ್ರಮವಾಗಿ 10, 9, 8 ಹೀಗೆ 1ರವರೆಗೆ ಗುಣಿಸಿ ಕೂಡಿಸಿದರೆ ಮೊತ್ತ 11ರಿಂದ ಭಾಗವಾಗಬೇಕು. ಕೆಲವು ಪುಸ್ತಕಗಳಲ್ಲಿ ಕೊನೆಗೆ ‘ಎಕ್ಸ್’ ಅಕ್ಷರ ಇರುವುದು ಅದಕ್ಕೇ. ಅಲ್ಲಿ 10 ಬರಬೇಕಿತ್ತು, ಒಂದೇ ಅಂಕಿಯ ಜಾಗದಲ್ಲಿ ಕೂರಿಸಬೇಕಿತ್ತು.

ಖಾತೆ ತಾಳೆಯಾಗದಾಗ

9ಕ್ಕೆ ಜಾಗ ಕಾಣುವುದಿಲ್ಲ ಎಂಬ ಈ ಕೊರತೆಯೇ ಲೆಕ್ಕ ಬರೆಯುವವರಿಗೆ ದೊಡ್ಡ ಉಪಕಾರ ಮಾಡುತ್ತದೆ. ಎರಡು ಅಂಕಿ ಅದಲುಬದಲಾದರೆ 9ರ ಮಟ್ಟಿಗೆ ಸಂಖ್ಯೆ ಬದಲಾಗಿಲ್ಲ. ಹಾಗಾದರೆ ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸ 9ರಿಂದ ಭಾಗವಾಗಲೇಬೇಕು. 450 ಬರೆಯುವಲ್ಲಿ ಸೊನ್ನೆ ಬಿಟ್ಟು 45 ಬರೆದರೂ ಹಾಗೆಯೇ. ವ್ಯತ್ಯಾಸ 405, ಅದು 9 ಸಲ 45.

ಅವತ್ತು ಸಂಜೆ ಜಗಲಿಯಲ್ಲಿ ಇದನ್ನೂ ಕಣ್ಣಾರೆ ನೋಡಿದೆ. ಹಣ ಹಂಚಿಯಾದ ಮೇಲೆ ಸಾಲದ ಪುಸ್ತಕ ತೆಗೆದರು. ಪುಸ್ತಕದ ಮೊತ್ತ ಪಾಸ್‌ಬುಕ್ಕಿಗಿಂತ 270 ರೂಪಾಯಿ ಜಾಸ್ತಿ ಇತ್ತು. ಎಲ್ಲರೂ ಮೊದಲಿನಿಂದ ಕೂಡಿಸಲು ಹೊರಟರು. ದೊಡ್ಡಮ್ಮ ಕೈ ಅಡ್ಡ ಹಿಡಿದರು. ‘2, 7 ಸೇರಿ 9. ಅಂಕಿ ತಿರುಗಾಮುರುಗಾ ಆಗಿರಬೇಕು. 270ರಲ್ಲಿ ಒಂಬತ್ತು ಎಷ್ಟು ಸಲ? 30. ಕೊನೆಗೆ ಸೊನ್ನೆ ಇದೆ, ಹಾಗಾಗಿ ಬಿಡಿ ಸ್ಥಾನ ಮುಟ್ಟಬೇಡಿ. ತಪ್ಪಿದ್ದರೆ ಹತ್ತಕ್ಕೂ ನೂರಕ್ಕೂ ನಡುವೆ. ಮೂರು ಇದೆಯಲ್ಲ, ನೂರರ ಅಂಕಿ ಹತ್ತರ ಅಂಕಿಗಿಂತ ಮೂರು ಜಾಸ್ತಿ ಇರುವ ಸಾಲು ಮಾತ್ರ ಹುಡುಕಿ.’

ಎರಡು ಪುಟದಲ್ಲಿ ಅಂಥ ಸಾಲು ಮೂರೇ ಇದ್ದವು. ಮೊದಲೆರಡು ರಸೀದಿಗೆ ಹೊಂದಿದವು. ಮೂರನೆಯದು 5,742. ರಸೀದಿ ತೆಗೆದು ನೋಡಿದರೆ 5,472. ಖಾತೆ ಬರೆದ ಹುಡುಗಿ ‘ಅಯ್ಯೋ’ ಎಂದು ನಾಲಿಗೆ ಕಚ್ಚಿಕೊಂಡಳು. ದೊಡ್ಡಮ್ಮ ಕೆಂಪು ಪೆನ್ನು ಅವಳ ಕೈಗೇ ಕೊಟ್ಟು, ‘ನೀನೇ ತಿದ್ದು’ ಎಂದು ಕಾಫಿ ಇಡಲು ಒಳಗೆ ಹೋದರು.