ಮಳೆ ತೊಳೆದ ಕುಂಡಗಳಿಗೆ ಚಳಿಗಾಲದ ತಯಾರಿ

ದಸರೆ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರು, ಮೈಸೂರು, ತುಮಕೂರು ಕಡೆಯ ಕೈತೋಟದವರಿಗೆ ಕೈತುಂಬ ಕೆಲಸ. ಹಿಮ ಬೀಳುವ ದೇಶಗಳಲ್ಲಿ ಈ ಹೊತ್ತಿಗೆ ತೋಟಕ್ಕೆ ಹೊದಿಕೆ ಹೊದಿಸಿ ಮಲಗಿಸುತ್ತಾರೆ. ನಮ್ಮಲ್ಲಿ ಕ್ಯಾರೆಟ್, ಬಟಾಣಿ, ಹೂಕೋಸು ಹಾಕುವುದೇ ಈಗ.

ಮೊದಲು ಮಣ್ಣು. ಜೂನ್‌ನಿಂದ ಸುರಿದ ಮಳೆಗೆ ಕುಂಡದ ಸತ್ವವೆಲ್ಲ ತಳದ ತೂತಿನಿಂದ ಹರಿದುಹೋಗಿರುತ್ತದೆ. ಮೇಲೆ ಪಾಚಿ ಕಟ್ಟಿರುತ್ತದೆ. ಸುಮ್ನೆ ಒಂದು ಹಿಡಿ ಗೊಬ್ಬರ ಉದುರಿಸಿದರೆ ಸಾಲದು. ಮುಗಿದ ಗಿಡ ಕಿತ್ತು, ಮಣ್ಣನ್ನು ಟಾರ್ಪಾಲಿನ ಮೇಲೆ ಸುರಿದು, ಹೆಂಟೆ ಒಡೆದು, ಮೂರ್ನಾಲ್ಕು ದಿನ ಬಿಸಿಲಿಗೆ ಹರಡಿ. ಗೊಣ್ಣೆಹುಳ ಕಂಡರೆ ಆರಿಸಿ ತೆಗೆಯಿರಿ. ಕಾಗೆಗಳು ಬಂದರೆ ಓಡಿಸಬೇಡಿ, ಆ ಕೆಲಸದಲ್ಲಿ ಅವು ನಮಗಿಂತ ಚುರುಕು. ಆಮೇಲೆ ಎರಡು ಪಾಲು ಈ ಮಣ್ಣಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಗೊಬ್ಬರದಲ್ಲಿ ಸಗಣಿ ವಾಸನೆ ಇದ್ದರೆ ಇನ್ನೂ ಕಳಿತಿಲ್ಲ ಅಂತಲೇ ಲೆಕ್ಕ.

ತುಂಬುವ ಮೊದಲೇ ಕುಂಡದ ಜಾಗ ನೋಡಿಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಮೇ ತಿಂಗಳಲ್ಲಿ ಬಿಸಿಲಿದ್ದ ಉತ್ತರದ ಮೂಲೆ ಡಿಸೆಂಬರ್‌ನಲ್ಲಿ ಗೋಡೆಯ ನೆರಳಿಗೆ ಬೀಳಬಹುದು. ತುಂಬಿದ ಕುಂಡ ಎತ್ತಲು ಹೋದರೆ ಸೊಂಟದ ಕಥೆ ಗೊತ್ತಲ್ವಾ! ತಳದ ತೂತಿಗೂ ಒಮ್ಮೆ ಕಡ್ಡಿ ಆಡಿಸಿ. ಹಿಂಗಾರು ಮಳೆ ನವೆಂಬರ್‌ನಲ್ಲೂ ಬರುತ್ತದೆ.

ಈಗ ಬಿತ್ತನೆ. ಹೂಕೋಸು, ಎಲೆಕೋಸಿನ ಸಸಿ ಮಾಡಿಕೊಂಡು ನಾಲ್ಕು ವಾರದ ಮೇಲೆ ನೆಡಬೇಕು. ಕ್ಯಾರೆಟ್, ಮೂಲಂಗಿಯನ್ನು ಇದ್ದಲ್ಲೇ ಬಿತ್ತಬೇಕು. ಮೊದಲ ವರ್ಷ ನಾನು ಜಾಣತನ ತೋರಿಸಲು ಹೋಗಿ ಕ್ಯಾರೆಟ್ ಸಸಿ ಕಿತ್ತು ಬೇರೆ ಕಡೆ ನೆಟ್ಟಿದ್ದೆ. ಕೊನೆಗೆ ಸಿಕ್ಕಿದ್ದು ಎರಡು ಕಾಲು, ಮೂರು ಕಾಲಿನ ಕ್ಯಾರೆಟ್. ಒಂದಡಿ ಆಳದ ಕುಂಡ, ಕಲ್ಲಿಲ್ಲದ ಸಡಿಲ ಮಣ್ಣು ಇದಕ್ಕೆ ಬೇಕೇ ಬೇಕು. ಮೂಲಂಗಿ 45 ದಿನದೊಳಗೆ ಕೈಗೆ ಬರುತ್ತದೆ, ಹೊಸಬರು ಅದರಿಂದಲೇ ಶುರು ಮಾಡುವುದು ಒಳ್ಳೆಯದು. ಕೊತ್ತಂಬರಿಗೆ ಅಡುಗೆಮನೆಯ ಧನಿಯವೇ ಸಾಕು. ಲಟ್ಟಣಿಗೆ ಉರುಳಿಸಿ ಕಾಳನ್ನು ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ.

ಅವರೆ ಆಸೆಯಿದ್ದವರಿಗೆ ಒಂದು ಮಾತು. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದಾಗ. ಅದನ್ನು ಮಳೆಗಾಲದಲ್ಲೇ ಹಾಕಿರಬೇಕಿತ್ತು. ಈಗ ಹಾಕುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಬೀಜ ತನ್ನಿ. ಅದು ಹಗಲಿನ ಉದ್ದ ನೋಡುತ್ತಾ ಕೂರುವುದಿಲ್ಲ. ಸೊಗಡು ನಾಟಿಯದೇ ಜಾಸ್ತಿ, ಅದು ಬೇರೆ ಮಾತು.

ನೀರು ಬೆಳಿಗ್ಗೆ ಹಾಕಿ, ಅದೂ ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ. ಚಿಗುರಿನಡಿ ಹೇನು ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಸಿಂಪಡಿಸಿ. ಎಲೆಯ ಅಡಿಭಾಗಕ್ಕೆ ತಾಗಬೇಕು, ಅವು ಅಡಗುವುದೇ ಅಲ್ಲಿ.