ದಿಡ್ಡಿ ಬಾಗಿಲ ಕಾವಲುಗಾರನೂ ವಶೀಕರಣ ಮಂತ್ರವೂ

ತುಮಕೂರಿನ ನಮ್ಮ ಗುಂಪು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವುದು ಕನ್ನಡದಲ್ಲೇ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸಿ ದಾಳ ಉರುಳಿಸುತ್ತಾ ಆಡುತ್ತಾರೆ. ಆಟ ನಡೆಸುವವನು ನಾನು. ಮಧುಗಿರಿ ಕೋಟೆಯನ್ನು ಮಾದರಿಯಾಗಿಟ್ಟುಕೊಂಡು ಕಥೆ ಕಟ್ಟುವಾಗ, ಎದುರಿನವನನ್ನು ವಶ ಮಾಡಿಕೊಳ್ಳುವ 'ಚಾರ್ಮ್ ಪರ್ಸನ್' ಮಂತ್ರ ಅಡ್ಡ ಬಂತು. ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ದಾಟಿ ದಾಟಿ ಹತ್ತಬೇಕಾದ ಬೆಟ್ಟ ಅದು. ಆಗತಾನೇ ಕಣ್ಣು ಬಿಟ್ಟ ಮಾಂತ್ರಿಕನೊಬ್ಬ ಕಾವಲಿನವರನ್ನೆಲ್ಲ ವಶ ಮಾಡಿಕೊಂಡು ಹತ್ತಿಬಿಟ್ಟರೆ ಕೋಟೆ ಯಾತಕ್ಕೆ? ಮಂತ್ರದ ಮೂಲ ನೋಡಿಬಿಡೋಣ ಅಂತ ನಿಯಮಪುಸ್ತಕಗಳನ್ನು ಇಸವಿಯ ಕ್ರಮದಲ್ಲಿ ಓದುತ್ತಾ ಹೋದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೂರು ಪುಟ್ಟ ಪುಸ್ತಕಗಳಲ್ಲೇ ಇದು ಇದೆ, ಅದೂ ಮೊದಲ ಹಂತದಲ್ಲಿ, ಅಂದರೆ ಹೊಸ ಮಾಂತ್ರಿಕನಿಗೂ ಸಿಗುವಂತೆ. ಎರಡು ಕಾಲಿನ, ಹೆಚ್ಚುಕಮ್ಮಿ ಮನುಷ್ಯನ ಗಾತ್ರದ ಜೀವಿಗೆ ತಗುಲಿತು ಅಂದರೆ, ಇನ್ನೊಂದು ಮಂತ್ರ ಹಾಕಿ ಬಿಡಿಸುವ ತನಕ ಅದು ಪೂರ್ತಿ ಮಾಂತ್ರಿಕನ ವಶ. ಗಡುವೇ ಇಲ್ಲ! ಈ ಆಟ ಹುಟ್ಟಿದ್ದು ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದಿಂದ. ಅಲ್ಲಿ ಎದುರಾಳಿಯ ಆಳು ನಮ್ಮ ಕಡೆ ಬಂದರೆ ಬಂದ, ಅಷ್ಟೇ. ಅವನಿಗೆ ಮನೆಮಠ ಇಲ್ಲ. ಆ ಲೆಕ್ಕಾಚಾರವೇ ಮಂತ್ರದೊಳಗೆ ಉಳಿದುಕೊಂಡಿದೆ ಅಂತ ನನಗನ್ನಿಸುತ್ತದೆ.

ಆಮೇಲೆ ಕಡಿವಾಣ ಬೀಳುತ್ತಾ ಬಂತು. 1978ರ ಆಟಗಾರರ ಕೈಪಿಡಿಯಲ್ಲಿ ಬುದ್ಧಿಗೆ ತಕ್ಕ ಕಾಲಾವಧಿ ಇದೆ: ಪಾತ್ರದ ಬುದ್ಧಿಯ ಅಂಕ 3 ಅಥವಾ ಕಡಿಮೆ ಇದ್ದವನಿಗೆ ದಾಳ ಉರುಳಿಸಿ ಬಿಡಿಸಿಕೊಳ್ಳುವ ಅವಕಾಶ 3 ತಿಂಗಳಿಗೊಮ್ಮೆ, 18 ಇದ್ದವನಿಗೆ 2 ದಿನಕ್ಕೊಮ್ಮೆ. ಅದಕ್ಕಿಂತ ದೊಡ್ಡ ಮಾತೂ ಅಲ್ಲೇ ಇದೆ. ವಶವಾದವನು ಮಾಂತ್ರಿಕನನ್ನು ನಂಬಿಕಸ್ಥ ಗೆಳೆಯ ಅಂದುಕೊಳ್ಳುತ್ತಾನೆ, ಕೀಲಿಗೊಂಬೆ ಆಗುವುದಿಲ್ಲ. 2014ರ ಹೊತ್ತಿಗೆ ಅವಧಿ ಬರೀ ಒಂದು ಗಂಟೆ. ಇಳಿದ ಮೇಲೆ ತನಗೆ ಏನು ಮಾಡಿದರು ಅನ್ನುವುದೂ ಅವನಿಗೆ ಗೊತ್ತಾಗುತ್ತದೆ. ಪೂರ್ತಿ ಹಿಡಿತ ಬೇಕೆಂದರೆ 5ನೇ ಹಂತದ 'ಡಾಮಿನೇಟ್ ಪರ್ಸನ್'.

ನಾನು ಹಿಡಿದುಕೊಂಡದ್ದು ಆ 'ಗೆಳೆಯ'ನನ್ನು. ನಮ್ಮ ಕಡೆ ಹಳ್ಳಿಗಳಲ್ಲಿ 'ಅವನಿಗೆ ಯಾರೋ ಮದ್ದು ಹಾಕಿದಾರೆ' ಅನ್ನುವ ಮಾತು ಮೊದಲು ಏಳುವುದು ಮನೆಯವರ ಬಾಯಲ್ಲಿ. ಊಟ ಸೇರುತ್ತಿಲ್ಲ, ನೋಟ ಬದಲಾಗಿದೆ ಅಂತ ಹೆಂಡತಿಯೋ ತಾಯಿಯೋ ಕಂಡುಹಿಡಿಯುತ್ತಾರೆ. ಪುಸ್ತಕದಲ್ಲಿ ದಾಳ ಉರುಳಿಸುವುದು ವಶವಾಗುವವನು ಮಾತ್ರ. ನಮ್ಮ ಮೇಜಿನಲ್ಲಿ ಹತ್ತಿರದವರೊಬ್ಬರೂ ಉರುಳಿಸುತ್ತಾರೆ, ಅವರಿಗೆ ಅನುಮಾನ ಹತ್ತಿತೋ ಇಲ್ಲವೋ ಅಂತ ನೋಡಲು. ಹಾಗಾಗಿ ಪ್ರತಿ ಕಾವಲುಗಾರನ ಹೆಸರಿನ ಎದುರು ಅವನ ಒಬ್ಬ ನೆಂಟನ ಹೆಸರು ಬರೆದಿಟ್ಟುಕೊಳ್ಳುತ್ತೇನೆ.

ದಿಡ್ಡಿ ಬಾಗಿಲ ಕಾವಲುಗಾರ ವಶವಾದ. 'ಬಾ ಗೆಳೆಯ' ಅಂದ, ನೀರು ಕೊಟ್ಟ. ಆದರೆ ಬಾಗಿಲು ತೆಗೆ ಅಂದದ್ದಕ್ಕೆ, 'ಚೀಟಿ ಇಲ್ಲದೆ ಬಿಟ್ಟರೆ ದಂಡನಾಯಕ ನಿನ್ನ ತಲೆಯನ್ನೂ ತೆಗೀತಾನೆ, ತಡಿ, ನಾನೇ ಹೋಗಿ ಕೇಳ್ಕೊಂಡ್ ಬರ್ತೀನಿ' ಅಂತ ಹೊರಟ. ನಿಜವಾದ ಗೆಳೆಯ ಮಾಡುವುದು ಅದನ್ನೇ ತಾನೇ? ಮಾಂತ್ರಿಕನ ಪಾತ್ರ ಆಡುತ್ತಿದ್ದವಳು ಅವನನ್ನು ಹಿಡಿದು ಕೂರಿಸಿ ಊರಿನ ಮಾತು, ಮಳೆಯ ಮಾತು ತೆಗೆದಳು. ಅಷ್ಟರಲ್ಲಿ ಅವನ ಭಾವಮೈದ ಬುತ್ತಿ ತಂದ. ಅವನ ದಾಳ 17 ಬಿತ್ತು, ಅನುಮಾನ ಹತ್ತಿತು.

ಆಟಗಾರರ ಪಾತ್ರಗಳಿಗೇ ಮಂತ್ರ ತಗುಲಿದಾಗ ನಾನು ಅವರ ಬಾಯಿಗೆ ಮಾತು ತುರುಕುವುದಿಲ್ಲ. 'ಇವನು ನಿನ್ನ ಗೆಳೆಯ' ಅಂತ ಚೀಟಿ ಬರೆದು ಕೊಡುತ್ತೇನೆ, ಗೆಳೆಯನಿಗಾಗಿ ಎಲ್ಲಿಯವರೆಗೆ ಹೋಗುತ್ತೇನೆ ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ.